ಸಂಜೆ ಐದಕ್ಕೆ ಬಂದವನ ಕೂಲಿ

ಸತ್ಯವೇದದಲ್ಲಿ ಮಕ್ಕಳಿಗೆ ಕೇಳಿದ ಕೂಡಲೇ ಹಿಡಿಸುವ ಕಥೆಗಳು ಬೇಕಾದಷ್ಟಿವೆ. ದಾವೀದನ ಕವಣೆ ಕಲ್ಲಿಗೆ ಗೊಲ್ಯಾತ ಉರುಳಿದ್ದು, ಸಿಂಹಗಳ ಗವಿಯಿಂದ ದಾನಿಯೇಲ ಬದುಕಿ ಬಂದದ್ದು, ನೋಹನ ನಾವೆ ನೀರಿನ ಮೇಲೆ ತೇಲಿದ್ದು. ಆದರೆ ಮಕ್ಕಳಿಗೆ ಸಿಟ್ಟು ಬರಿಸುವ ಕಥೆಯೂ ಒಂದಿದೆ. ನಿಜ ಹೇಳಬೇಕೆಂದರೆ ದೊಡ್ಡವರಿಗೂ ಅದನ್ನು ಕೇಳಿದರೆ ಒಳಗೊಳಗೇ ಕಿರಿಕಿರಿ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿರುವ ದ್ರಾಕ್ಷೆತೋಟದ ಕೂಲಿಯಾಳುಗಳ ಸಾಮ್ಯವೇ ಆ ಕಥೆ. ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನೊಬ್ಬನೇ ಇದನ್ನು ಬರೆದಿಟ್ಟಿದ್ದಾನೆ.

ವಿಜಯಪುರದಲ್ಲಿ ನಮ್ಮ ಸಭೆಯ ಮಕ್ಕಳಿಗೆ ನಾನು ಹಲವು ವರ್ಷಗಳಿಂದ ಭಾನುವಾರ ಶಾಲೆ ನಡೆಸುತ್ತಿದ್ದೇನೆ. ನಮ್ಮದು ದ್ರಾಕ್ಷಿಯ ಸೀಮೆ. ತಿಕೋಟಾ ಕಡೆ ಹೋದರೆ ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ಚಪ್ಪರಗಳು. ಅಕ್ಟೋಬರ್ ತಿಂಗಳ ಚಾಟ್ನಿ ಎಂದರೇನು, ಫೆಬ್ರವರಿ ಮಾರ್ಚ್‌ನಲ್ಲಿ ಕಟಾವು ಹೇಗೆ ನಡೆಯುತ್ತದೆ, ಒಣದ್ರಾಕ್ಷಿ ಶೆಡ್ಡಿನ ಮೇಲೆ ಮಳೆ ಬಿದ್ದರೆ ಮಾಲೀಕನ ಗತಿ ಏನಾಗುತ್ತದೆ ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಜಾವ ಟಂಟಂ ಗಾಡಿಗಳಲ್ಲಿ ಆಳುಗಳನ್ನು ತುಂಬಿಕೊಂಡು ಹೋಗುವುದನ್ನು ಅವರು ದಿನವೂ ನೋಡುತ್ತಾರೆ. ಆದ್ದರಿಂದ ಯೇಸುಸ್ವಾಮಿ ಹೇಳಿದ ಈ ಕಥೆ ಅವರಿಗೆ ದೂರದೂರಿನದು ಅನಿಸುವುದಿಲ್ಲ.

ಕಥೆ ಹೀಗಿದೆ

ಒಬ್ಬ ಮನೆಯ ಯಜಮಾನ. ಅವನಿಗೊಂದು ದ್ರಾಕ್ಷೆಯ ತೋಟ. ಬೆಳಗಾಗುತ್ತಲೇ ಪೇಟೆಗೆ ಹೋಗಿ, ಕೆಲಸಕ್ಕೆ ಕಾದು ನಿಂತಿದ್ದವರನ್ನು ಕರೆದ. ದಿನಕ್ಕೆ ಒಂದು ದಿನಾರಿ ಎಂದು ಮಾತಾಯಿತು. ದಿನಾರಿ ಎಂದರೆ ರೋಮನರ ಬೆಳ್ಳಿ ನಾಣ್ಯ, ಹತ್ತಿರ ಹತ್ತಿರ 4 ಗ್ರಾಂ ತೂಕದ್ದು. ಆ ಕಾಲಕ್ಕೆ ಒಬ್ಬ ಆಳಿನ ಒಂದು ದಿನದ ವಾಜಿಬಿ ಕೂಲಿ ಅದು. ಅದರಲ್ಲಿ ಒಂದು ಸಂಸಾರದ ಆ ದಿನದ ಊಟ ಹೇಗೋ ನಡೆಯುತ್ತಿತ್ತು, ಉಳಿತಾಯವೇನೂ ಇರುತ್ತಿರಲಿಲ್ಲ.

9 ಗಂಟೆಗೆ ಯಜಮಾನ ಮತ್ತೆ ಪೇಟೆಗೆ ಹೋದ. ಇನ್ನೂ ಕೆಲವರು ಸುಮ್ಮನೆ ನಿಂತಿದ್ದರು. ನೀವೂ ಬನ್ನಿ, ನ್ಯಾಯವಾದದ್ದನ್ನು ಕೊಡುತ್ತೇನೆ ಎಂದ. ಮಧ್ಯಾಹ್ನ 12ಕ್ಕೆ ಹೋದ, 3ಕ್ಕೆ ಹೋದ, ಹಾಗೆಯೇ ಕರೆತಂದ. ಕೊನೆಗೆ ಸಂಜೆ 5 ಗಂಟೆಗೂ ಹೋದ. ಕತ್ತಲಾಗಲು ಇನ್ನೊಂದೇ ತಾಸು. ಆಗಲೂ ಅಲ್ಲಿ ಕೆಲವರು ನಿಂತಿದ್ದರು. ದಿನವೆಲ್ಲ ಇಲ್ಲಿ ಸುಮ್ಮನೆ ಯಾಕೆ ನಿಂತಿದ್ದೀರಿ ಎಂದು ಕೇಳಿದ. ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎಂದರು. ಹಾಗಾದರೆ ನೀವೂ ಹೋಗಿ ಎಂದು ಅವರನ್ನೂ ತೋಟಕ್ಕೆ ಕಳಿಸಿದ.

ಹೊತ್ತು ಮುಳುಗಿತು. ಯಜಮಾನ ತನ್ನ ಪಾರುಪತ್ಯಗಾರನನ್ನು ಕರೆದು, ಕಡೆಗೆ ಬಂದವರಿಂದ ಶುರುಮಾಡಿ ಎಲ್ಲರಿಗೂ ಕೂಲಿ ಕೊಡು ಎಂದ. 5 ಗಂಟೆಗೆ ಬಂದವರ ಕೈಗೆ ಒಂದು ದಿನಾರಿ ಬಿತ್ತು. ಬೆಳಿಗ್ಗೆ ಬಂದವರ ಮುಖ ಅರಳಿತು. ಇವರಿಗೇ ಇಷ್ಟಾದರೆ ನಮಗೆ ಇನ್ನೆಷ್ಟೋ ಎಂದು ಅವರ ಲೆಕ್ಕ. ಅವರ ಸರದಿ ಬಂತು. ಅವರಿಗೂ ಒಂದೇ ದಿನಾರಿ!

ಗೊಣಗಾಟ ಶುರುವಾಯಿತು. ಒಂದು ತಾಸು ದುಡಿದವರನ್ನೂ ಇಡೀ ದಿನ ಬಿಸಿಲಲ್ಲಿ ಬೆಂದ ನಮ್ಮನ್ನೂ ಒಂದೇ ಮಾಡಿದೆಯಲ್ಲ ಎಂದರು. ಯಜಮಾನ ಅವರಲ್ಲಿ ಒಬ್ಬನನ್ನು ಗೆಳೆಯನೇ ಎಂದು ಕರೆದು ಉತ್ತರ ಕೊಟ್ಟ. ನಾನು ನಿನಗೆ ಅನ್ಯಾಯ ಮಾಡಿಲ್ಲ, ಮಾತಾದ ಕೂಲಿ ನಿನ್ನ ಕೈಯಲ್ಲಿದೆ, ಕಡೆಗೆ ಬಂದವನಿಗೂ ನಿನ್ನಷ್ಟೇ ಕೊಡಬೇಕೆಂಬುದು ನನ್ನ ಇಷ್ಟ, ನಾನು ಧಾರಾಳಿಯಾದರೆ ನಿನ್ನ ಕಣ್ಣು ಯಾಕೆ ಕೆಡಬೇಕು ಎಂಬುದು ಅವನ ಮಾತಿನ ಸಾರಾಂಶ.

ಅಲ್ಲಿಗೆ ಕಥೆ ನಿಲ್ಲುತ್ತದೆ. ಆ ಗೊಣಗಿದವನು ಏನು ಮಾಡಿದ, ದಿನಾರಿ ಹಿಡಿದು ಮನೆಗೆ ಹೋದನೋ, ದಾರಿಯುದ್ದಕ್ಕೂ ಬೈದುಕೊಂಡೇ ನಡೆದನೋ, ಮತ್ತಾಯ ಹೇಳುವುದಿಲ್ಲ.

ಮಕ್ಕಳ ತೀರ್ಪು

ಈ ಕಥೆ ಹೇಳಿ ಮುಗಿಸಿದಾಗಲೆಲ್ಲ ನಮ್ಮ ಭಾನುವಾರ ಶಾಲೆಯಲ್ಲಿ ಗದ್ದಲ ಏಳುತ್ತದೆ. ಮಕ್ಕಳೆಲ್ಲ ಬೆಳಿಗ್ಗೆ ಬಂದವರ ಪಕ್ಷ. ಒಂದು ವರ್ಷ ಏಳನೇ ಇಯತ್ತೆಯ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಇದು ಮೋಸ ಐತ್ರಿ. ನಾಳಿಗಿ ಯಾರ್ ಮುಂಜಾನೆ ಕೆಲಸಕ್ಕ ಬರತಾರ? ಎಲ್ಲಾರೂ ಐದಕ್ಕ ಬರತಾರ್ರಿ” ಎಂದ. ಅವನ ಲೆಕ್ಕ ತಪ್ಪೆಂದು ಹೇಳುವಂತಿರಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹುಡುಗಿ ಮೆಲ್ಲಗೆ ಕೈ ಎತ್ತಿದಳು. ಅವಳ ತಾಯಿ ದ್ರಾಕ್ಷಿ ತೋಟಗಳಿಗೆ ಕೂಲಿಗೆ ಹೋಗುವಾಕೆ. “ಟೀಚರ್, ಐದಕ್ಕ ಬಂದವ್ರ ಮನ್ಯಾಗೂ ಹುಡುಗ್ರು ಇರತಾವಲ್ರಿ? ನಮ್ಮವ್ವ ಕೆಲಸ ಸಿಗದ ಹೊಳ್ಳಿ ಬಂದ ದಿನ ಭಾಳ ದಣದಿರತಾಳ್ರಿ. ಕೆಲಸ ಮಾಡಿ ಬಂದ ದಿನಕ್ಕಿಂತ ಜಾಸ್ತಿ” ಎಂದಳು.

ಮೊದಲಿನ ಹುಡುಗ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, “ಹಂಗಾದ್ರ ಅವ್ರಿಗೂ ಕೊಡಲಿ ಬಿಡ್ರಿ. ಮುಂಜಾನೆ ಬಂದವ್ರಿಗಿ ಒಂದೀಟ್ ಹೆಚ್ಚಿಗಿ ಕೊಡಬೇಕಿತ್ತ” ಎಂದು ರಾಜಿಗೆ ಬಂದ. ಎಲ್ಲರೂ ನಕ್ಕರು.

ಆ ಹುಡುಗಿಯ ಮಾತು ಮಾತ್ರ ನನ್ನಲ್ಲಿ ಉಳಿಯಿತು. ಪೇಟೆಯಲ್ಲಿ 5 ಗಂಟೆಯವರೆಗೆ ನಿಂತವರನ್ನು ನಾವು ಸೋಮಾರಿಗಳೆಂದು ಎಣಿಸುತ್ತೇವೆ. ಕಥೆಯಲ್ಲಿ ಹಾಗಿಲ್ಲ. ಯಾರೂ ಕರೆಯಲಿಲ್ಲ ಎಂದಷ್ಟೇ ಅವರು ಹೇಳಿದ್ದು. ಕೂಲಿ ಆಳುಗಳು ನಿಲ್ಲುವ ಸರ್ಕಲ್ ಹತ್ತಿರ ಬೆಳಿಗ್ಗೆ ಒಮ್ಮೆ ನೋಡಿ. ಗಟ್ಟಿಮುಟ್ಟಾದವರನ್ನು ಮೊದಲು ಕರೆದುಕೊಂಡು ಹೋಗುತ್ತಾರೆ. ಉಳಿಯುವವರು ವಯಸ್ಸಾದವರು, ಕಾಲು ಎಳೆಯುವವರು, ಕೈಗೂಸು ಇರುವ ತಾಯಂದಿರು, ಹೊಸದಾಗಿ ಊರಿಗೆ ಬಂದವರು. ಇಡೀ ದಿನ ಒಲ್ಲೆ ಎನಿಸಿಕೊಂಡು ನಿಲ್ಲುವುದು ಎಂಥ ದುಡಿಮೆ ಎಂಬುದು ನಿಂತವರಿಗೇ ಗೊತ್ತು. ಯಜಮಾನ ಅವರ ತಾಸುಗಳನ್ನು ಎಣಿಸಿ ಹನ್ನೆರಡನೇ ಒಂದು ಪಾಲು ಕೊಟ್ಟಿದ್ದರೆ ಲೆಕ್ಕ ಸರಿಯಾಗುತ್ತಿತ್ತು, ಆದರೆ ಆ ರಾತ್ರಿ ಅವರ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಒಂದು ಮನೆಗೆ ಒಂದು ದಿನಕ್ಕೆ ಎಷ್ಟು ಬೇಕೋ ಅಷ್ಟು ಕೊಟ್ಟ. ನಾವು ಪ್ರಾರ್ಥನೆಯಲ್ಲಿ ದಿನದಿನದ ಆಹಾರವನ್ನು ಕೇಳುತ್ತೇವಲ್ಲ, ಅದೇ ಅಳತೆ.

ಹಿಂದೆಯೂ ಇದೇ ಅಳತೆ

ಇದು ಯೇಸು ಹೊಸದಾಗಿ ತಂದ ಅಳತೆಯಲ್ಲ. ವಿಮೋಚನಕಾಂಡದ 16ನೇ ಅಧ್ಯಾಯ ತೆರೆದು ನೋಡಿ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಮನ್ನ ಸಿಕ್ಕಿತು. ಕೆಲವರು ಹೆಚ್ಚು ಕೂಡಿಸಿದರು, ಕೆಲವರು ಕಡಿಮೆ. ಅಳೆದು ನೋಡಿದಾಗ ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟವರ ಪಾಲಿಗೆ ಹುಳ ಬಿತ್ತು.

ಇನ್ನೊಂದು ಪ್ರಸಂಗ ಅಷ್ಟಾಗಿ ಜನರಿಗೆ ಗೊತ್ತಿಲ್ಲ. ಅದು ಒಂದನೇ ಸಮುವೇಲನ 30ನೇ ಅಧ್ಯಾಯದಲ್ಲಿದೆ. ದಾವೀದನೂ ಅವನ 600 ಮಂದಿಯೂ ಚಿಕ್ಲಗಿಗೆ ಮರಳಿದಾಗ ಊರು ಸುಟ್ಟುಹೋಗಿತ್ತು. ಅಮಾಲೇಕ್ಯರು ಹೆಂಗಸರು ಮಕ್ಕಳನ್ನೆಲ್ಲ ಹಿಡಿದುಕೊಂಡು ಹೋಗಿದ್ದರು. ದಾವೀದ ಬೆನ್ನಟ್ಟಿದ. ಬೆಸೋರ್ ಹಳ್ಳದ ಹತ್ತಿರ 200 ಮಂದಿಗೆ ಇನ್ನು ಕಾಲು ಎತ್ತಿಡಲಾಗಲಿಲ್ಲ. ಅವರನ್ನು ಸಾಮಾನಿನ ಹತ್ತಿರ ಬಿಟ್ಟು 400 ಮಂದಿ ಮುಂದೆ ಹೋಗಿ, ಹೋರಾಡಿ, ಎಲ್ಲರನ್ನೂ ಬಿಡಿಸಿ, ಕೊಳ್ಳೆಯ ಸಮೇತ ಬಂದರು. ಆಗ ಹೋರಾಡಿದವರಲ್ಲಿ ಕೆಲವರು, ನಮ್ಮ ಸಂಗಡ ಬಾರದವರಿಗೆ ಅವರ ಹೆಂಡಿರು ಮಕ್ಕಳನ್ನು ಮಾತ್ರ ಕೊಟ್ಟರೆ ಸಾಕು, ಕೊಳ್ಳೆಯಲ್ಲಿ ಪಾಲು ಬೇಡ ಎಂದರು. ದಾವೀದ ಒಪ್ಪಲಿಲ್ಲ. ಯುದ್ಧಕ್ಕೆ ಹೋದವನಿಗೂ ಸಾಮಾನು ಕಾದವನಿಗೂ ಸಮಪಾಲು ಎಂದು ತೀರ್ಪು ಕೊಟ್ಟ. ಅದು ಇಸ್ರಾಯೇಲಿನಲ್ಲಿ ಕಟ್ಟಳೆಯೇ ಆಯಿತು.

ನಮ್ಮ ಮನೆಗಳಲ್ಲಿ ಸಾಮಾನು ಕಾಯುವವರು ಯಾರು? ಹೊರಗೆ ಹೋಗಿ ಸಂಬಳ ತರುವವರ ಹೆಸರು ಎಲ್ಲರ ಬಾಯಲ್ಲಿ. ಅಡುಗೆಮನೆಯಲ್ಲಿರುವ ಅವ್ವ, ಕಾಯಿಲೆಯ ಅಜ್ಜನ ಹತ್ತಿರ ಕೂತ ಅತ್ತೆ, ಬಾಗಿಲು ಕಾಯುತ್ತ ಮೊಮ್ಮಕ್ಕಳ ದಾರಿ ನೋಡುವ ಅಜ್ಜಿ, ಇವರಿಗೆ ಪಾಲು ಕೊಡುವಾಗ ನಾವು ದಾವೀದನ ಕಟ್ಟಳೆಯನ್ನು ನೆನಪಿಡುತ್ತೇವೆಯೇ?

ಸಿಟ್ಟು ಎಲ್ಲಿಂದ ಬಂತು?

ಕಥೆಯಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಿ. ಕೂಲಿ ಕೊಟ್ಟದ್ದು ಕಡೆಯವರಿಂದ ಮೊದಲುಮಾಡಿ. ಬೆಳಿಗ್ಗೆ ಬಂದವರಿಗೇ ಮೊದಲು ಕೊಟ್ಟಿದ್ದರೆ ಅವರು ದಿನಾರಿಯನ್ನು ಸೆರಗಿಗೆ ಕಟ್ಟಿಕೊಂಡು ಸಂತೋಷವಾಗಿ ಮನೆಗೆ ಹೋಗುತ್ತಿದ್ದರು. ಹೆಂಡತಿಯ ಹತ್ತಿರ, ಒಳ್ಳೆಯ ಯಜಮಾನ, ಹೇಳಿದಷ್ಟು ಕೊಟ್ಟ ಎನ್ನುತ್ತಿದ್ದರು. ಅದೇ ನಾಣ್ಯ, ಅದೇ ತೂಕ. ಪಕ್ಕದವನ ಕೈ ನೋಡಿದ ಮೇಲೆ ಅದು ಚಿಕ್ಕದಾಗಿ ಕಂಡಿತು.

ಹೊಟ್ಟೆಕಿಚ್ಚು ಹುಟ್ಟುವುದು ಹೀಗೆಯೇ. ಅದು ಕೊರತೆಯಿಂದಲೇ ಹುಟ್ಟಬೇಕೆಂದಿಲ್ಲ. ಹುಟ್ಟುಹಬ್ಬಕ್ಕೆ ಅಪ್ಪ ಕೊಡಿಸಿದ ಸೈಕಲ್ಲು ಬಹಳ ಚಂದವಿರುತ್ತದೆ, ಎದುರು ಮನೆಯವನಿಗೆ ಗೇರ್ ಸೈಕಲ್ ಬರುವತನಕ. ಪರೀಕ್ಷೆಯಲ್ಲಿ 82 ಅಂಕ ಬಂದದ್ದಕ್ಕೆ ಸಿಹಿ ಹಂಚುವವರು, ಅಕ್ಕನ ಮಗನಿಗೆ 91 ಬಂದಿದೆಯೆಂದು ಫೋನ್ ಬಂದ ಕೂಡಲೇ ಮಗನ ಮುಖ ನೋಡದೆ ಒಳಗೆ ಹೋಗುತ್ತಾರೆ. ಆ 82ರಲ್ಲಿ ಯಾವ ಅಂಕ ಕಡಿಮೆಯಾಯಿತು?

ಯಜಮಾನ ಕಣ್ಣಿನ ಮಾತೆತ್ತಿದ್ದು ಇದಕ್ಕೇ. ಯೆಹೂದ್ಯರ ನುಡಿಯಲ್ಲಿ ಕೆಟ್ಟ ಕಣ್ಣು ಎಂದರೆ ಜಿಪುಣತನ, ಇನ್ನೊಬ್ಬನ ಒಳಿತನ್ನು ಸಹಿಸದ ಬುದ್ಧಿ. ನಮ್ಮಲ್ಲೂ ಕಣ್ಣು ಬಿತ್ತು ಎನ್ನುವುದಿದೆಯಲ್ಲ. ನಾವು ಅದನ್ನು ತೆಗೆಯಲು ಮೆಣಸಿನಕಾಯಿ, ಉಪ್ಪು ನಿವಾಳಿಸುತ್ತೇವೆ. ಯೇಸು ಕೇಳುವುದು ನೋಡಿದವನ ಕಣ್ಣಿನ ಔಷಧ. ಕಣ್ಣು ದೇಹಕ್ಕೆ ದೀಪವಿದ್ದಂತೆ, ಅದು ಕೆಟ್ಟರೆ ಮೈಯೆಲ್ಲ ಕತ್ತಲೆ ಎಂದು ಇದೇ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಹೇಳಿದವನೂ ಅವನೇ.

ಕಥೆಯ ಹಿಂದೆ ಒಬ್ಬ ಶಿಷ್ಯ, ಮುಂದೆ ಒಬ್ಬ ತಾಯಿ

ಈ ಸಾಮ್ಯವನ್ನು ಯೇಸು ಯಾಕೆ ಹೇಳಿದ ಎಂಬುದು ಒಂದು ಪುಟ ಹಿಂದೆ ತಿರುವಿದರೆ ತಿಳಿಯುತ್ತದೆ. 19ನೇ ಅಧ್ಯಾಯದ ಕೊನೆಗೆ ಪೇತ್ರ ಕೇಳುತ್ತಾನೆ: ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದೆವು, ನಮಗೆ ಏನು ಸಿಗುತ್ತದೆ? ಯೇಸು ಅವನನ್ನು ಗದರಿಸಲಿಲ್ಲ. ಪ್ರತಿಫಲ ಇದೆ, ಹೆಚ್ಚಾಗಿಯೇ ಇದೆ ಎಂದ. ಆದರೆ ಮೊದಲಿನವರು ಕಡೆಯವರಾಗುವುದುಂಟು ಎಂದು ಎಚ್ಚರಿಸಿ ಈ ಕಥೆ ಹೇಳಿದ. ಪೇತ್ರ ಬೆಳಿಗ್ಗೆಯೇ ತೋಟಕ್ಕೆ ಬಂದವನು.

ಕಥೆ ಮುಗಿದ ಸ್ವಲ್ಪದರಲ್ಲೇ ಒಬ್ಬ ತಾಯಿ ಬರುತ್ತಾಳೆ. ಜೆಬೆದಾಯನ ಹೆಂಡತಿ, ಯಾಕೋಬ ಯೋಹಾನರ ಅವ್ವ. ನಿನ್ನ ರಾಜ್ಯದಲ್ಲಿ ನನ್ನ ಮಕ್ಕಳಿಬ್ಬರಲ್ಲಿ ಒಬ್ಬನು ಬಲಗಡೆ, ಒಬ್ಬನು ಎಡಗಡೆ ಕೂತುಕೊಳ್ಳುವಂತೆ ಮಾಡು ಎನ್ನುತ್ತಾಳೆ. ಉಳಿದ ಹತ್ತು ಶಿಷ್ಯರಿಗೆ ಇದು ಕಿವಿಗೆ ಬಿದ್ದಾಗ ಸಿಟ್ಟು ಬಂತು. ಮಕ್ಕಳಿಗೆ ಮೊದಲ ಬೆಂಚು, ಮೊದಲ ರ‍್ಯಾಂಕು, ಕ್ರಿಸ್ಮಸ್ ನಾಟಕದಲ್ಲಿ ಮರಿಯಳ ಪಾತ್ರವೇ ಸಿಗಬೇಕೆಂದು ಓಡಾಡುವ ನಮ್ಮಂಥ ತಂದೆತಾಯಿಗಳು ಈ ತಾಯಿಯನ್ನು ನೋಡಿ ನಗುವಂತಿಲ್ಲ. ಅವಳಲ್ಲಿ ಪ್ರೀತಿ ಇತ್ತು. ಆದರೆ ಅವಳ ಪ್ರೀತಿ ಇಬ್ಬರಿಗೆ ಜಾಗ ಕೇಳುವಾಗ ಹತ್ತು ಮಂದಿಯನ್ನು ಪಕ್ಕಕ್ಕೆ ತಳ್ಳಿತು. ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎಂಬುದು ಯೇಸುವಿನ ಉತ್ತರ.

ಮನೆಯಲ್ಲಿ ಇದನ್ನು ನಡೆಸುವುದು ಹೇಗೆ?

ಮೊದಲನೆಯದು, ಮಕ್ಕಳ ನಡುವಿನ ಪಾಲು. ಒಂದೇ ಮನೆಯಲ್ಲಿ ಇಬ್ಬರು ಮಕ್ಕಳು. ದೊಡ್ಡವಳು ತಾನೇ ಓದಿಕೊಳ್ಳುತ್ತಾಳೆ. ಚಿಕ್ಕವನಿಗೆ ಅಕ್ಷರ ಹತ್ತುವುದು ನಿಧಾನ. ಅವ್ವ ದಿನಕ್ಕೆ ಎರಡು ತಾಸು ಅವನ ಜೊತೆಯೇ ಕೂರುತ್ತಾಳೆ. ನಿನಗೆ ಅವನೇ ಹೆಚ್ಚು ಎಂದು ದೊಡ್ಡವಳು ಮುನಿಸಿಕೊಳ್ಳುತ್ತಾಳೆ. ಎಷ್ಟೋ ಮನೆಗಳಲ್ಲಿ ಇದು ನಡೆಯುತ್ತದೆ. ತಾಯಂದಿರೇ, ಆಗ ಮಗಳನ್ನು ಹೊಟ್ಟೆಕಿಚ್ಚಿನವಳು ಎಂದು ಬೈಯಬೇಡಿ. ಯಜಮಾನ ಗೊಣಗಿದವನನ್ನು ಗೆಳೆಯನೇ ಎಂದು ಕರೆದ. ಅವನ ಬಿಸಿಲು, ಬೆವರು ಸುಳ್ಳೆಂದು ಹೇಳಲಿಲ್ಲ. ಲೂಕನ 15ನೇ ಅಧ್ಯಾಯದಲ್ಲೂ ಹಾಗೆಯೇ. ದಾರಿ ತಪ್ಪಿದ ತಮ್ಮ ಮರಳಿ ಬಂದನೆಂದು ಮನೆಯಲ್ಲಿ ಔತಣ ನಡೆದಾಗ ಅಣ್ಣ ಸಿಟ್ಟಾಗಿ ಹೊರಗೇ ನಿಂತ. ತಂದೆ ಆಳನ್ನು ಕಳಿಸಲಿಲ್ಲ, ತಾನೇ ಎದ್ದು ಹೊರಗೆ ಬಂದ, ಬೇಡಿಕೊಂಡ, ನನ್ನದೆಲ್ಲ ನಿನ್ನದೇ ಎಂದ. ಬೆಳಿಗ್ಗೆಯಿಂದ ದುಡಿದ ಮಗುವಿಗೂ ನಾವು ಹೊರಗೆ ಬಂದು ಇಷ್ಟು ಹೇಳಬೇಕು: ನೀನು ಮಾಡುವುದು ನನಗೆ ಕಾಣುತ್ತಿದೆ. ನಿನ್ನ ಪಾಲು ಕಡಿಮೆಯಾಗಿಲ್ಲ. ತಮ್ಮನಿಗೆ ಇವತ್ತು ಹೆಚ್ಚು ಬೇಕಾಗಿದೆ.

ಎರಡನೆಯದು, ನಮ್ಮ ಮನೆಗೆ ದುಡಿಯುವವರ ಕೂಲಿ. ಧಾರಾಳತನದ ಮಾತಾಡುವ ಮೊದಲು ಯಜಮಾನ ನ್ಯಾಯ ಪೂರೈಸಿದ್ದಾನೆ. ಬೆಳಿಗ್ಗೆಯವರಿಗೆ ಮಾತಾದ ಹಣದಲ್ಲಿ ಒಂದು ಕಾಸೂ ಕಡಿಮೆ ಮಾಡಲಿಲ್ಲ, ಅದೇ ಸಂಜೆ ಕೊಟ್ಟ. ಕೂಲಿಯವನ ಕೂಲಿ ಮರುದಿನದ ಬೆಳಗಿನತನಕ ನಿನ್ನಲ್ಲಿ ಉಳಿಯಬಾರದು ಎಂದು ಯಾಜಕಕಾಂಡದ 19ನೇ ಅಧ್ಯಾಯ, ಹೊತ್ತು ಮುಳುಗುವುದಕ್ಕೆ ಮುಂಚೆ ಕೊಡಬೇಕು ಎಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ವಿಧಿಸುತ್ತವೆ. ಹಿಡಿದಿಟ್ಟ ಕೂಲಿಯೇ ದೇವರಿಗೆ ಕೂಗಿಕೊಳ್ಳುತ್ತದೆ ಎಂದು ಯಾಕೋಬನ ಪತ್ರಿಕೆಯ 5ನೇ ಅಧ್ಯಾಯ ಎಚ್ಚರಿಸುತ್ತದೆ. ಪಾತ್ರೆ ತಿಕ್ಕುವಾಕೆ ತಿಂಗಳ ಒಂದನೇ ತಾರೀಖಿಗೆ ಬಾಗಿಲಲ್ಲಿ ನಿಂತಾಗ, “ಚಿಲ್ಲರೆ ಇಲ್ಲವ್ವಾ, ನಾಳೆ ಬಾ” ಎನ್ನುವುದು ನಮಗೆ ಸಣ್ಣ ಮಾತು. ಅವಳಿಗೆ ಅದು ಅಂಗಡಿಯವನ ಮುಂದೆ ತಲೆ ತಗ್ಗಿಸುವ ಇನ್ನೊಂದು ದಿನ. ಜ್ವರ ಬಂದು ಎರಡು ದಿನ ಬಾರದಿದ್ದರೆ ಆ ಎರಡು ದಿನದ ಹಣ ಹಿಡಿಯುವ ಮುಂಚೆ 5 ಗಂಟೆಗೆ ಬಂದವರನ್ನು ಒಮ್ಮೆ ನೆನೆಸಿಕೊಳ್ಳೋಣ.

ಮೂರನೆಯದು, ತಡವಾಗಿ ಬಂದವರಿಗೆ ಜಾಗ. ಶಾಲೆಗೆ ವರ್ಷದ ನಡುವೆ ಹೊಸ ಹುಡುಗ ಬರುತ್ತಾನೆ. ಅವನನ್ನು ಆಟಕ್ಕೆ ಸೇರಿಸಿಕೊಳ್ಳಲು ಹಳಬರಿಗೆ ಮನಸ್ಸಿರುವುದಿಲ್ಲ. ಸಭೆಗೆ ಹೊಸ ಕುಟುಂಬ ಬರುತ್ತದೆ. ಅವರ ಮಗಳು ಚೆನ್ನಾಗಿ ಹಾಡುತ್ತಾಳೆಂದು ಗಾಯನ ತಂಡದಲ್ಲಿ ಮುಂದೆ ನಿಲ್ಲಿಸಿದರೆ, ಹತ್ತು ವರ್ಷದಿಂದ ಹಾಡುವವರ ಮುಖ ಬಿಗಿಯುತ್ತದೆ. ಶಿಲುಬೆಯ ಮೇಲಿದ್ದ ಕಳ್ಳ ಸಾಯುವ ಗಳಿಗೆಯಲ್ಲಿ ಯೇಸುವನ್ನು ನೆನಪಿಡೆಂದು ಕೇಳಿಕೊಂಡ. ಅವನಿಗೆ ಆ ದಿನವೇ ಪರದೈಸಿನ ಮಾತು ಸಿಕ್ಕಿತು. ಅವನು ತೋಟದಲ್ಲಿ ಒಂದು ತಾಸನ್ನೂ ದುಡಿದವನಲ್ಲ.

ಬೆಳಿಗ್ಗೆ ಬಂದವರಿಗೆ ಏನು ಸಿಕ್ಕಿತು?

ನಮ್ಮ ಭಾನುವಾರ ಶಾಲೆಯ ಆ ಹುಡುಗನ ಪ್ರಶ್ನೆಗೆ ಉತ್ತರ ಬಾಕಿ ಇದೆ. ನಾಳೆ ಎಲ್ಲರೂ ಐದಕ್ಕೇ ಬಂದರೆ? ಅವನಿಗೆ ನಾನು ಹೇಳುವುದಿಷ್ಟು. ಬೆಳಿಗ್ಗೆ ಕೆಲಸ ಸಿಕ್ಕವನಿಗೆ ದಿನವೆಲ್ಲ ಒಂದು ನೆಮ್ಮದಿ ಇತ್ತು. ಬೆನ್ನು ಬಾಗಿದ್ದರೂ, ಬಿಸಿಲು ಸುಟ್ಟರೂ, ಇವತ್ತು ಮಕ್ಕಳು ಉಣ್ಣುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಪೇಟೆಯಲ್ಲಿ ನಿಂತವನಿಗೆ ಆ ನೆಮ್ಮದಿ 5 ಗಂಟೆಯತನಕ ಇರಲಿಲ್ಲ. ಅಲ್ಲಿ ನಿಂತು ಕಾದವನು ಯಾವನೂ ನಾಳೆ ಬೇಕೆಂದೇ ಐದರತನಕ ನಿಲ್ಲುವುದಿಲ್ಲ.

ಚಿಕ್ಕಂದಿನಿಂದ ದೇವಾಲಯಕ್ಕೆ ಬಂದವರು, ಪ್ರಾರ್ಥನೆ ಕಲಿತವರು, ಒಳ್ಳೆಯ ತಂದೆತಾಯಿಗಳ ಕೈಯಲ್ಲಿ ಬೆಳೆದವರು ಬೆಳಗಿನ ಆಳುಗಳು. ತೋಟದೊಳಗೆ ಬೇಗ ಬಂದದ್ದೇ ನಮಗೆ ಸಿಕ್ಕ ಹೆಚ್ಚಿನ ಪಾಲು. ಅದನ್ನು ನಷ್ಟವೆಂದು ಎಣಿಸಿದ ದಿನ ನಮ್ಮ ಕಣ್ಣು ಕೆಟ್ಟಿತೆಂದು ತಿಳಿಯಬೇಕು.

ಈ ವಾರ ಮನೆಮಂದಿಯೆಲ್ಲ ರಾತ್ರಿ ಊಟಕ್ಕೆ ಕೂತಾಗ ಮತ್ತಾಯ 20ನ್ನು ಒಬ್ಬರು ಗಟ್ಟಿಯಾಗಿ ಓದಿ. ಆಮೇಲೆ ಮೂರು ಪ್ರಶ್ನೆಗಳನ್ನು ಮಾತಾಡಿಕೊಳ್ಳಿ. ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ದುಡಿದೂ ಮೆಚ್ಚುಗೆಯ ಒಂದು ಮಾತು ಸಿಗದವರು ಯಾರು? ನಾವು ಯಾರಿಗಾದರೂ ಕೊಡಬೇಕಾದ ಹಣ ಬಾಕಿ ಇದೆಯೇ? ನಮ್ಮ ಓಣಿಯಲ್ಲಿ, ಶಾಲೆಯಲ್ಲಿ ಇನ್ನೂ ಯಾರೂ ಕರೆಯದೆ ನಿಂತವರು ಯಾರು? ಕಥೆಯ ಕೊನೆಯನ್ನು ಮಕ್ಕಳೇ ಹೇಳಲಿ. ದಿನಾರಿ ಹಿಡಿದುಕೊಂಡ ಆ ಗೆಳೆಯ ಮನೆಗೆ ಹೋಗುವ ದಾರಿಯಲ್ಲಿ, ಸಂಜೆ ಐದಕ್ಕೆ ಬಂದವನ ಜೊತೆ ಏನು ಮಾತಾಡಿದ? ಯೇಸು ಅದನ್ನು ಹೇಳದೆ ಬಿಟ್ಟದ್ದು ನಾವು ಹೇಳಲಿ ಎಂದೇ ಇರಬೇಕು.